ಮನೆ ವಿಮೆಯಲ್ಲಿ ‘ಎಲ್ಲದಕ್ಕೂ ಕವರ್ ಇದೆ’ ಅನ್ನೋದು ನಿಜವೇ?
“ಎಲ್ಲದಕ್ಕೂ ಕವರ್ ಇದೆ ಅಂತ ಏಜೆಂಟ್ ಹೇಳಿದ್ದರು. ಈಗ ನೀರು ಜಿನುಗಿ ಗೋಡೆ ಹಾಳಾಗಿದೆ, ಕ್ಲೇಮ್ ತಿರಸ್ಕರಿಸಿದ್ದಾರೆ. ಯಾಕೆ?” ಎಂದು ಕೇಳಿದ್ದೀರಿ. ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೆ ಎಲ್ಲದಕ್ಕೂ ಹಣ ಕೊಡುವ ಮನೆ ವಿಮೆ ಎಲ್ಲೂ ಇಲ್ಲ.

ಏನು ಹಾಳಾಯಿತು ಅನ್ನುವುದಕ್ಕಿಂತ ಹೇಗೆ ಹಾಳಾಯಿತು ಅನ್ನುವುದೇ ಇಲ್ಲಿ ಮುಖ್ಯ. ಪೈಪ್ ಇದ್ದಕ್ಕಿದ್ದ ಹಾಗೆ ಒಡೆದು ನೀರು ನುಗ್ಗಿದರೆ ಸಾಮಾನ್ಯವಾಗಿ ಪರಿಹಾರ ಸಿಗುತ್ತದೆ. ಅದೇ ಪೈಪ್ ತಿಂಗಳುಗಟ್ಟಲೆ ಜಿನುಗಿ ಗೋಡೆಗೆ ಬೂಷ್ಟು ಹಿಡಿದರೆ, ಅದು ಮನೆಯವರು ನೋಡಿಕೊಳ್ಳಬೇಕಾದ ರಿಪೇರಿ ಎನ್ನುತ್ತಾರೆ. ಗೆದ್ದಲು, ತುಕ್ಕು, ಸವೆತ, ಕಳಪೆ ಕೆಲಸ ಎಲ್ಲವೂ ಇದೇ ಗುಂಪು. ಪೈಪ್ ಒಡೆದಾಗಲೂ ಎಷ್ಟೋ ಪಾಲಿಸಿಗಳು ನೀರಿನಿಂದಾದ ಹಾನಿಗೆ ಕೊಡುತ್ತವೆ, ಆ ಹಳೇ ಪೈಪಿಗೆ ಕೊಡುವುದಿಲ್ಲ.

ಬೆಂಕಿ, ಸಿಡಿಲು, ಸ್ಫೋಟಕ್ಕೆ ಹೆಚ್ಚಿನ ಕಡೆ ಕವರ್ ಇರುತ್ತದೆ. ಯುದ್ಧ, ಅಣು ವಿಕಿರಣ, ಮನೆಯವರೇ ಬೇಕೆಂದು ಮಾಡಿದ ಹಾನಿಗೆ ಸಾಮಾನ್ಯವಾಗಿ ಇರುವುದಿಲ್ಲ. ಪ್ರವಾಹ ಮತ್ತು ಭೂಕಂಪದ ವಿಷಯ ದೇಶಕ್ಕೊಂದು, ಪಾಲಿಸಿಗೊಂದು ಥರ. ಕೆಲವದರಲ್ಲಿ ಸೇರಿರುತ್ತದೆ, ಕೆಲವದರಲ್ಲಿ ಬೇರೆ ಪಾಲಿಸಿಯನ್ನೇ ಕೊಳ್ಳಬೇಕು. ಇದನ್ನು ಊಹೆಗೆ ಬಿಡಬೇಡಿ.

ಕಟ್ಟಡಕ್ಕೆ ಮಾತ್ರ ವಿಮೆ ಇದ್ದರೆ ಒಳಗಿನ ಸಾಮಾನಿಗೆ ಕವರ್ ಇರುವುದಿಲ್ಲ. ಸಾಮಾನಿಗೂ ಮಾಡಿಸಿದರೂ ಒಡವೆಗೆ ಸಾಮಾನ್ಯವಾಗಿ ಒಂದು ಮಿತಿ ಇರುತ್ತದೆ, ಜಾಸ್ತಿ ಬೇಕಾದರೆ ಪಟ್ಟಿ ಕೊಟ್ಟು ಸೇರಿಸಬೇಕು. ಮನೆಗೆ ತುಂಬಾ ದಿನ ಬೀಗ ಹಾಕಿದ್ದರೆ, ಎಷ್ಟೋ ಪಾಲಿಸಿಗಳಲ್ಲಿ 30 ಅಥವಾ 60 ದಿನ ದಾಟಿದರೆ, ಕೆಲವು ಕವರ್ ನಿಂತೇ ಹೋಗುತ್ತದೆ.

ನನಗೆ ತುಂಬಾ ಕಾಳಜಿ ಇರುವುದು ವಿಮೆಯ ಮೊತ್ತದ ಬಗ್ಗೆ. ಮನೆ ಸುಟ್ಟರೂ ಜಾಗ ಅಲ್ಲೇ ಇರುತ್ತದೆ ಅಲ್ವಾ? ಹಾಗಾಗಿ ಮಾರುಕಟ್ಟೆ ಬೆಲೆಗೆ ಮಾಡಿಸುವುದು ಸರಿಯಲ್ಲ, ಮತ್ತೆ ಕಟ್ಟಲು ಆಗುವ ಖರ್ಚಿಗೆ ಮಾಡಿಸಬೇಕು. ಪ್ರೀಮಿಯಂ ಉಳಿಸಲು ಆ ಖರ್ಚಿನ ಅರ್ಧಕ್ಕಷ್ಟೇ ಮಾಡಿಸಿದಿರಿ ಎಂದುಕೊಳ್ಳಿ. ಪಾಲಿಸಿಯಲ್ಲಿ ‘ಆವರೇಜ್’ ಷರತ್ತು, ಅಂದರೆ ವಿಮೆಯ ಮೊತ್ತ ಎಷ್ಟು ಪಾಲು ಕಡಿಮೆಯೋ ಪರಿಹಾರವನ್ನೂ ಅಷ್ಟೇ ಪಾಲು ಕಡಿಮೆ ಮಾಡುವ ಷರತ್ತು ಇದ್ದರೆ, ಅಡುಗೆಮನೆಯೊಂದೇ ಸುಟ್ಟರೂ ಆ ನಷ್ಟದ ಅರ್ಧವಷ್ಟೇ ಕೈಗೆ ಬರುತ್ತದೆ. ಎಷ್ಟೋ ಜನಕ್ಕೆ ಇದು ಗೊತ್ತಾಗುವುದು ಕ್ಲೇಮ್ ಹಾಕಿದ ಮೇಲೆಯೇ. ಸವಕಳಿ ಕಳೆದು ಕೊಡುತ್ತಾರೋ, ಹೊಸದರ ಬೆಲೆ ಕೊಡುತ್ತಾರೋ ಅನ್ನುವುದನ್ನೂ ನೋಡಿ.

ಈಗ ನಿಮ್ಮ ಗೋಡೆಯ ವಿಷಯ. ಯಾವ ಷರತ್ತಿನ ಮೇಲೆ ತಿರಸ್ಕರಿಸಿದ್ದಾರೆ ಎಂದು ಬರಹದಲ್ಲಿ ಕೇಳಿ. ಪ್ಲಂಬರ್‌ನನ್ನು ಕರೆಸಿ ನೀರು ಎಲ್ಲಿಂದ, ಯಾವಾಗಿನಿಂದ ಬರುತ್ತಿದೆ ಎಂದು ವರದಿ ಬರೆಸಿ. ಫೋಟೊ ತೆಗೆಯದೆ ಗೋಡೆ ಒಡೆಸಬೇಡಿ, ಆದರೆ ನೀರನ್ನು ತಕ್ಷಣ ನಿಲ್ಲಿಸಿ. ನಷ್ಟ ಹೆಚ್ಚಾಗಲು ಬಿಟ್ಟರೆ ಅದೇ ಇನ್ನೊಂದು ಕಾರಣವಾಗುತ್ತದೆ. ಪೈಪ್ ಈಚೆಗೆ ದಿಢೀರನೆ ಒಡೆದದ್ದು ಎಂದು ವರದಿ ಬಂದರೆ, ಅದನ್ನಿಟ್ಟುಕೊಂಡು ಕ್ಲೇಮ್ ಮರುಪರಿಶೀಲಿಸಲು ಕೇಳಿ.