ಆರನೇ ಬೆರಳಿಗೆ ದಾರ ಕಟ್ಟಬಹುದಾ?

ಪ್ರಶ್ನೆ: ಮಗಳಿಗೆ ಮೂರು ತಿಂಗಳು. ಎಡಗೈ ಕಿರುಬೆರಳ ಪಕ್ಕ ಇನ್ನೊಂದು ಪುಟ್ಟ ಬೆರಳಿದೆ. ಗ್ರಹಣದ ದಿನ ನಾನು ಹೊರಗೆ ಬಂದಿದ್ದಕ್ಕೇ ಹೀಗಾಯಿತು ಅನ್ನುತ್ತಾರೆ ಅತ್ತೆ. ದಾರ ಬಿಗಿದರೆ ತಾನಾಗೇ ಉದುರುತ್ತದಂತೆ, ಕಟ್ಟಲಾ? ಡಾಕ್ಟರು ಚೀಟಿಯಲ್ಲಿ ಬರೆದ ಹೆಸರೂ ಅರ್ಥವಾಗಲಿಲ್ಲ.
- ಒಬ್ಬ ತಾಯಿ, ಬೇಲೂರು

ಉತ್ತರ: ದಾರ ಮಾತ್ರ ಕಟ್ಟಬೇಡಿ ತಾಯಿ. ಆ ಬೆರಳಲ್ಲಿ ರಕ್ತನಾಳ, ನರ ಇರುತ್ತವೆ, ಕೆಲವು ಸಲ ಮೂಳೆಯೂ ಇರುತ್ತದೆ. ಮನೆಯಲ್ಲಿ ಬಿಗಿದರೆ ಕೀವಾಗಬಹುದು, ನೋಯುವ ಗಂಟು ಉಳಿದುಬಿಡಬಹುದು.

ಚೀಟಿಯಲ್ಲಿದ್ದದ್ದು ಪಾಲಿಡ್ಯಾಕ್ಟಿಲಿ ಇರಬೇಕು. ಗ್ರೀಕ್‌ನಲ್ಲಿ ಪಾಲಿ ಅಂದರೆ ಹಲವು, ಡ್ಯಾಕ್ಟಿಲೋಸ್ ಅಂದರೆ ಬೆರಳು, ಅಷ್ಟೇ. ಗರ್ಭದಲ್ಲಿ ಮಗುವಿನ ಕೈ ಮೊದಲು ಚಪ್ಪಟೆ ಸೌಟಿನ ಹಾಗಿರುತ್ತದೆ, ಸುಮಾರು 6ರಿಂದ 8ನೇ ವಾರದ ಹೊತ್ತಿಗೆ ಅದು ಸೀಳಿ ಬೆರಳುಗಳಾಗುತ್ತದೆ, ಆಗ ಒಂದು ಜಾಸ್ತಿ ಮೂಡಿದೆ ಅಂದುಕೊಳ್ಳಿ. ಎಷ್ಟೋ ಸಲ ಇದು ವಂಶದಲ್ಲೇ ಬರುತ್ತದೆ. ಎರಡೂ ಕಡೆಯ ಹಿರಿಯರನ್ನು ಸುಮ್ನೆ ಕೇಳಿ ನೋಡಿ. ಗ್ರಹಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ನಿಮ್ಮ ತಪ್ಪು ಒಂದು ಚೂರೂ ಇಲ್ಲ, ಇದನ್ನು ಅತ್ತೆಯವರಿಗೂ ಓದಿ ಹೇಳಿ.

ಹಾಸನದ ಜಿಲ್ಲಾ ಆಸ್ಪತ್ರೆಗೆ ಹೋಗಿ ಮಕ್ಕಳ ಡಾಕ್ಟರಿಗೆ ತೋರಿಸಿ. ಎಕ್ಸ್‌ರೇ ತೆಗೆದರೆ ಮೂಳೆ ಇದೆಯಾ ಅಂತ ಗೊತ್ತಾಗುತ್ತದೆ. ಅಪರೂಪಕ್ಕೆ ಹೃದಯ, ಕಿಡ್ನಿ ತೊಂದರೆಯೂ ಜೊತೆಗಿರಬಹುದು, ಅದಕ್ಕೇ ಮಗುವನ್ನು ಪೂರ್ತಿ ಪರೀಕ್ಷಿಸಲು ಹೇಳಿ. ತೆಗೆಯಬೇಕೆಂದರೆ ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸಿನಲ್ಲಿ ಆಪರೇಷನ್ ಮಾಡುತ್ತಾರೆ. ಅಲ್ಲಿಯವರೆಗೆ ಸ್ವೆಟರ್ ತೋಳಿಗೆ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ.