ಒಂದೇ ಕಂಪನಿ ಟ್ಯಾಬ್ 13 ಸಾವಿರಕ್ಕೂ ಇದೆ, ಲಕ್ಷಕ್ಕೂ ಇದೆ, ಯಾವುದು ತಗೊಳ್ಳೋದು?

ಪ್ರಶ್ನೆ: ಸರ್ ನಮಸ್ತೆ. ನಮ್ದು ತೀರ್ಥಹಳ್ಳಿ ಹತ್ರ ಅಡಿಕೆ ತೋಟ. ಮಗಳು ಸೆಕೆಂಡ್ ಪಿಯುಸಿ ಸೈನ್ಸ್, ಕೋಚಿಂಗ್ ವಿಡಿಯೋ ನೋಡೋಕೆ, ಪಿಡಿಎಫ್ ಮೇಲೆ ಬರೆದು ಲೆಕ್ಕ ಮಾಡೋಕೆ ಟ್ಯಾಬ್ ಬೇಕು ಅಂತಿದ್ದಾಳೆ. ಶಿವಮೊಗ್ಗದಲ್ಲಿ ದುರ್ಗಿಗುಡಿ ಕಡೆ ಎರಡು ಮೂರು ಅಂಗಡಿ ಕೇಳ್ದೆ. ಎ ಅಂತೆ, ಎಸ್ ಅಂತೆ, ಎಫ್‌ಇ ಅಂತೆ, ಏರ್ ಅಂತೆ, ಪ್ರೋ ಅಂತೆ, ತಲೆ ಕೆಟ್ಟೋಯ್ತು. ಎಲ್ಲಿ ಹೋದ್ರೂ ಇನ್ನೊಂದ್ ಸ್ವಲ್ಪ ಹಾಕಿ ಮೇಲಿಂದು ತಗೊಳ್ಳಿ ಅಂತಾರೆ. ನನ್ ಬಜೆಟ್ 40 ಸಾವಿರ. ಮನೇಲಿ ಮೊಬೈಲ್ ಸಿಗ್ನಲ್ ಬರಲ್ಲ, ಫೈಬರ್ ನೆಟ್ ಇದೆ. ಸಿಮ್ ಹಾಕೋದೇ ಬೇಕಾ?

ಉತ್ತರ: ನಿಮಗೆ ಅಡಿಕೆ ಮಂಡಿ ಗೊತ್ತಿರೋದ್ರಿಂದ ಅಲ್ಲಿಂದಲೇ ಶುರು ಮಾಡ್ತೀನಿ. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ರೇಟು ಬೇರೆ ಬೇರೆ ಆಗೋದು ಮಾಲಿನ ಗುಣದ ಮೇಲೆ. ಟ್ಯಾಬ್‌ನಲ್ಲಿ ಹಾಗಲ್ಲ, ಇಲ್ಲಿ ಗ್ರೇಡ್ ಮಾಡೋದು ಕಂಪನಿಯವರೇ. ಕೆಳಗಿನ ಮಾಡೆಲ್‌ನಿಂದ ಏನೇನು ಕೈ ಬಿಡ್ಬೇಕು, ಮೇಲಿನದಕ್ಕೆ ಏನು ಉಳಿಸ್ಕೋಬೇಕು ಅಂತ ಕೂತು ಲೆಕ್ಕ ಹಾಕಿ ಇಟ್ಟಿರ್ತಾರೆ. ಅದಕ್ಕೇ ಪ್ರತಿ ಮೆಟ್ಟಿಲಲ್ಲೂ ಇನ್ನೊಂದ್ ಸ್ವಲ್ಪ ಹಾಕಿದ್ರೆ ಅನ್ನೋ ಆಸೆ ಹುಟ್ಟೋದು. ಹಾಗಾಗಿ ಮೇಲಿನದರಲ್ಲಿ ಏನಿದೆ ಅಂತ ಕೇಳ್ಬೇಡಿ, ಕೆಳಗಿನದರಲ್ಲಿ ಏನಿಲ್ಲ, ಆ ಇಲ್ಲದಿರೋದು ನನ್ನ ಮಗಳಿಗೆ ಬೇಕಾ ಅಂತ ಕೇಳಿ.

ಐಪ್ಯಾಡ್ ನೋಡಿ. 2010ರಲ್ಲಿ ಬಂದಾಗ ಐಪ್ಯಾಡ್ ಅಂದ್ರೆ ಒಂದೇ ಒಂದು. 2012ಕ್ಕೆ ಮಿನಿ ಬಂತು, 2013ಕ್ಕೆ ಏರ್, 2015ಕ್ಕೆ ಪ್ರೋ. ಎ16 ಚಿಪ್ ಇರೋ ಮಾಮೂಲಿ ಐಪ್ಯಾಡ್ 2025ರ ಮಾರ್ಚ್‌ನಲ್ಲಿ 34,900ಕ್ಕೆ ಬಂತು, ಅದರ ಜೊತೆಗೇ ಬಂದ 11 ಇಂಚಿನ ಏರ್ 59,900. 2024ರಲ್ಲಿ ಬಂದ ಎಂ4 ಚಿಪ್ಪಿನ ಪ್ರೋ 11 ಇಂಚಿಂದು 99,900, 13 ಇಂಚಿಂದು 1,29,900. ಇವೆಲ್ಲ ಬಿಡುಗಡೆ ಬೆಲೆ, ಅಂಗಡಿಲಿ ಈಗ ಹೆಚ್ಚು ಕಮ್ಮಿ ಇರುತ್ತೆ. ಈಗ ಇದರೊಳಗಿನ ಮೆಟ್ಟಿಲು ಗಮನಿಸಿ: ಮಾಮೂಲಿ ಐಪ್ಯಾಡ್‌ಗೆ 128 ಬದಲು 256 ಜಿಬಿ ಬೇಕು ಅಂದ್ರೆ 10 ಸಾವಿರ ಜಾಸ್ತಿ, ಸಿಮ್ ಹಾಕೋದು ಬೇಕು ಅಂದ್ರೆ 15 ಸಾವಿರ ಜಾಸ್ತಿ. ಎರಡೂ ಸೇರಿಸಿದ್ರೆ ಸರಿಯಾಗಿ 59,900 ಆಗುತ್ತೆ, ಅಂದ್ರೆ ಏರ್ ಶುರುವಾಗೋ ಬೆಲೆಗೇ ಬಂದು ನಿಂತ್ರಿ. ಇದು ಆಕಸ್ಮಿಕ ಅಂತ ನಂಗೆ ಅನ್ಸಲ್ಲ. ಅಂಗಡಿಯವ್ರು ಇಷ್ಟಕ್ಕೆ ಏರೇ ಬರುತ್ತಲ್ಲ ಅಂತಾರೆ, ಅದು ನಿಜಾನೂ ಹೌದು, ಆದ್ರೆ ಆಗ 35 ಸಾವಿರಕ್ಕೆ ಅಂತ ಹೋದವರು 60 ಸಾವಿರ ಕೊಟ್ಟು ಸಿಮ್ಮೂ ಇಲ್ಲದೆ, 128 ಜಿಬಿನೇ ಹಿಡ್ಕೊಂಡು ಬರ್ತಾರೆ.

ನಿಮ್ಮ ಮಗಳಿಗೆ ಮುಖ್ಯ ಆಗೋದು ಪೆನ್ನು, ಹಾಗಾಗಿ ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಮಾಮೂಲಿ ಐಪ್ಯಾಡ್‌ನಲ್ಲಿ ಮೇಲಿನ ಗಾಜಿಗೂ ಒಳಗಿನ ಸ್ಕ್ರೀನಿಗೂ ಮಧ್ಯ ಸಣ್ಣ ಗ್ಯಾಪ್ ಇರುತ್ತೆ, ಏರ್‌ನಲ್ಲಿ ಎರಡನ್ನೂ ಅಂಟಿಸಿ ಒಂದೇ ಮಾಡಿರ್ತಾರೆ. ಹಾಗಾಗಿ ಮಾಮೂಲಿದರಲ್ಲಿ ಬರೀವಾಗ ನಿಬ್ಬು ಒಂದು ಕಡೆ, ಗೆರೆ ಕೂದಲೆಳೆಯಷ್ಟು ಕೆಳಗೆ ಬಿದ್ದಂಗೆ ಕಾಣುತ್ತೆ. ಕೆಮಿಸ್ಟ್ರಿ ಸಮೀಕರಣದಲ್ಲಿ ಸಣ್ಣ ಸಣ್ಣ ನಂಬರ್ ಬರೀವಾಗ ಇದು ಗೊತ್ತಾಗುತ್ತೆ, ಆಮೇಲೆ ಅಭ್ಯಾಸ ಆಗುತ್ತೆ. ಇದಕ್ಕೆ ಹೊಂದೋ ಯುಎಸ್‌ಬಿ ಸಿ ಪೆನ್ಸಿಲ್ 7,900, ಬಾಕ್ಸಲ್ಲಿ ಬರಲ್ಲ, ಒತ್ತಿ ಬರೆದ್ರೆ ದಪ್ಪ ಗೆರೆ ಬರೋದೂ ಇದರಲ್ಲಿಲ್ಲ. ಡ್ರಾಯಿಂಗ್ ಮಾಡೋರಿಗೆ ಅದು ಕೊರತೆ, ಲೆಕ್ಕ ಮಾಡೋರಿಗಲ್ಲ. ಒಟ್ಟು 42,800 ಆಯ್ತು, ನಿಮ್ಮ ಬಜೆಟ್ ದಾಟಿತು.

ಸ್ಯಾಮ್‌ಸಂಗ್‌ನಲ್ಲಿ ಪೆನ್ನೇ ಗಡಿ. ಎ ಸರಣಿ ಕೆಳಗಿನ ಮೆಟ್ಟಿಲು, 2023ರ ಎ9 8.7 ಇಂಚು 13 ಸಾವಿರದ ಹತ್ರ ಬಂತು, ಎ9 ಪ್ಲಸ್ 11 ಇಂಚು, ಅದು 20 ಸಾವಿರದ ಆಸುಪಾಸು. ವಿಡಿಯೋ ನೋಡೋಕೆ ಎ9 ಪ್ಲಸ್ ಚೆನ್ನಾಗೇ ಇದೆ, ಆದ್ರೆ ಅವರ ಎಸ್ ಪೆನ್ ಇದರಲ್ಲಿ ಕೆಲಸನೇ ಮಾಡಲ್ಲ. ಅಂಗಡಿಲಿ ಮುನ್ನೂರು ರೂಪಾಯಿ ರಬ್ಬರ್ ತುದಿ ಪೆನ್ನು ಕೊಟ್ಟು ಇದರಲ್ಲೂ ಬರೀಬಹುದು ಅಂದ್ರೆ ದಯವಿಟ್ಟು ಒಪ್ಪಬೇಡಿ, ಅದು ಬೆರಳಿನ ಬದಲಿಗೆ ಅಷ್ಟೇ, ಅಂಗೈ ತಾಗಿದ್ರೂ ಗೀಚುತ್ತೆ. ಅದರ ಮೇಲೆ ಎಸ್9 ಎಫ್‌ಇ, ಬಿಡುಗಡೆ ಆದಾಗ 36,999, ಎಸ್ ಪೆನ್ ಬಾಕ್ಸಲ್ಲೇ ಬರುತ್ತೆ, ಒತ್ತಡಾನೂ ಗುರುತಿಸುತ್ತೆ, ನೀರು ಧೂಳು ತಡೆಯೋ ಐಪಿ68 ಕೂಡ ಇದೆ. ನಮ್ಮ ಕಡೆ ಜೂನ್ ಜುಲೈ ಹೇಗಿರುತ್ತೆ ಅಂತ ನಿಮಗೆ ಹೇಳ್ಬೇಕಾ, ಬ್ಯಾಗ್ ಒದ್ದೆ ಮಾಡ್ಕೊಂಡು ಬಸ್ಸಲ್ಲಿ ಬರೋ ಮಕ್ಕಳಿಗೆ ಇದು ನಿಜಕ್ಕೂ ಉಪಯೋಗ. ಅದಕ್ಕೂ ಮೇಲೆ ಎಸ್9, ಶುರುವಿನ ಬೆಲೆ 72,999, ಅಲ್ಲಿ ಸಿಗೋದು ಬಣ್ಣ ಎದ್ದು ಕಾಣೋ ಅಮೋಲೆಡ್ ಸ್ಕ್ರೀನು, 120 ಹರ್ಟ್ಸ್ (ಅಂದ್ರೆ ಸ್ಕ್ರೀನ್ ಜಾರಿಸಿದಾಗ ನುಣ್ಣಗೆ ಓಡೋದು), ಜೋರು ಪ್ರೊಸೆಸರ್. 14.6 ಇಂಚಿನ ಅಲ್ಟ್ರಾ ಅಂತೂ ಲಕ್ಷ ದಾಟುತ್ತೆ. ಪಿಡಿಎಫ್ ಓದೋ ಹುಡುಗಿಗೆ ಇದ್ಯಾವುದೂ ಒಂದು ಮಾರ್ಕೂ ಜಾಸ್ತಿ ತಂದುಕೊಡಲ್ಲ. ಹೀಗಾಗಿ ನನ್ನ ಸಲಹೆ ನೇರ: ಎಫ್‌ಇ ಮೆಟ್ಟಿಲು. ಅದರ ಮುಂದಿನ ಮಾಡೆಲ್ ತೋರಿಸಿದ್ರೂ ಸರಿ, ಪೆನ್ನು ಬಾಕ್ಸಲ್ಲಿದೆಯಾ, ರೇಟು 40ರೊಳಗೆ ಇದೆಯಾ, ಅಷ್ಟು ನೋಡಿ.

ಸಿಮ್ ಬೇಡ. ಮನೇಲಿ ಸಿಗ್ನಲ್ಲೇ ಇಲ್ಲ ಅಂದ್ಮೇಲೆ ಸಿಮ್ ಹಾಕೋ ಟ್ಯಾಬ್‌ಗೆ ದುಡ್ಡು ಸುರಿದು ಏನು ಮಾಡ್ತೀರಿ, ಪೇಟೆಗೆ ಹೋದಾಗ ಮೊಬೈಲ್ ಹಾಟ್‌ಸ್ಪಾಟ್ ಸಾಕು. ಒಂದು ಮಾತ್ರ ನೆನಪಿರ್ಲಿ, ವೈಫೈ ಐಪ್ಯಾಡ್‌ನಲ್ಲಿ ಜಿಪಿಎಸ್ ಇರಲ್ಲ, ತೋಟದಲ್ಲಿ ನಿಂತು ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡೋದಾದ್ರೆ ಮೊಬೈಲಲ್ಲೇ ನೋಡ್ಕೊಳ್ಳಿ. ಉಳಿದ ದುಡ್ಡಲ್ಲಿ ಫೈಬರ್ ರೌಟರ್‌ಗೆ ಒಂದು ಸಣ್ಣ ಯುಪಿಎಸ್ ಹಾಕ್ಸಿ, ಕರೆಂಟ್ ಹೋದ ತಕ್ಷಣ ನೆಟ್ಟೂ ಹೋಗೋದು ತಪ್ಪುತ್ತೆ. ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ಲೇ ಕಟ್ ಆದ್ರೆ ಯುಪಿಎಸ್ಸೂ ಏನೂ ಮಾಡಲ್ಲ, ಅದಕ್ಕೆ ನೆಟ್ ಇದ್ದಾಗಲೇ ವಿಡಿಯೋ ಡೌನ್‌ಲೋಡ್ ಮಾಡಿಟ್ಕೋಬೇಕು. 64 ಜಿಬಿ ತಗೋಬೇಡಿ, ಸಿಸ್ಟಮ್ಮೇ ಅದರಲ್ಲಿ ಸುಮಾರು ತಿಂದಿರುತ್ತೆ. 128 ಇರ್ಲಿ, ಎಫ್‌ಇಗೆ ಮೆಮೊರಿ ಕಾರ್ಡೂ ಹಾಕಬಹುದು, ಐಪ್ಯಾಡ್‌ಗೆ ಕಾರ್ಡ್ ಸ್ಲಾಟೇ ಇಲ್ಲ. ಆದ್ರೆ ಕೆಲವು ಕೋಚಿಂಗ್ ಆ್ಯಪ್‌ಗಳು ಕಾರ್ಡಿಗೆ ಡೌನ್‌ಲೋಡ್ ಮಾಡೋಕೆ ಬಿಡಲ್ಲ, ಮಗಳ ಆ್ಯಪ್ ಬಿಡುತ್ತಾ ಅಂತ ಮೊದಲೇ ನೋಡ್ಕೊಳ್ಳಿ.

ಪ್ರಶ್ನೆ: ಸಾಗರದಿಂದ ಬರೀತಿದ್ದೀನಿ, ಯಕ್ಷಗಾನ ಭಾಗವತಿಕೆ ಮಾಡ್ತೀನಿ. ಪ್ರಸಂಗದ ಪದ್ಯ ಟ್ಯಾಬಲ್ಲಿ ಇಟ್ಕೊಂಡು ಹಾಡೋಣ ಅಂತ. ಐಪ್ಯಾಡ್ ಮಿನಿ ಚಿಕ್ಕದು, ಆದ್ರೆ ದೊಡ್ಡ ಐಪ್ಯಾಡ್‌ಗಿಂತ ರೇಟು ಜಾಸ್ತಿ ಯಾಕೆ?

ಉತ್ತರ: ಮಿನಿ ಅನ್ನೋದು ಸೈಜ್ ಮಾತ್ರ, ರೇಟಿನ ಮೆಟ್ಟಿಲಲ್ಲಿ ಅದು ಮಾಮೂಲಿ ಐಪ್ಯಾಡ್‌ಗೂ ಏರ್‌ಗೂ ನಡುವೆ ಇರೋದು. 2024ರ ಮಿನಿ 49,900, ಅದರಲ್ಲಿ ಎ17 ಪ್ರೋ ಚಿಪ್ ಇದೆ, ಗಾಜು ಅಂಟಿಸಿದ ಸ್ಕ್ರೀನ್ ಇದೆ, ಬೆಳಕು ಹೊಡೆಯದ ಕೋಟಿಂಗ್ ಇದೆ. ಮಾಮೂಲಿ ಐಪ್ಯಾಡ್‌ನಲ್ಲಿ ಈ ಕೋಟಿಂಗ್ ಇಲ್ಲ, ರಂಗಸ್ಥಳದ ಲೈಟ್ ಕೆಳಗೆ ಅದು ತೊಂದರೆ ಕೊಡುತ್ತೆ. ಆದ್ರೆ ಮಿನಿ 8.3 ಇಂಚು ಭಾಗವತರೇ, ಕೈಯಲ್ಲಿ ಜಾಗಟೆ ಹಿಡ್ಕೊಂಡು ಇಡೀ ರಾತ್ರಿ ಅಷ್ಟು ಸಣ್ಣ ಅಕ್ಷರ ನೋಡ್ತಾ ಪದ ಹೇಳೋದು ಕಷ್ಟ. ಪದ್ಯ ಓದೋಕೆ ಪೆನ್ನೂ ಬೇಡ, ಜೋರು ಚಿಪ್ಪೂ ಬೇಡ. 20 ಸಾವಿರದ ಆಸುಪಾಸಿನ 11 ಇಂಚಿಂದು ತಗೊಂಡು ಮ್ಯಾಟ್ ಸ್ಕ್ರೀನ್ ಗಾರ್ಡ್ ಹಾಕ್ಸಿ, ಬ್ರೈಟ್‌ನೆಸ್ ತಾನಾಗೇ ಬದಲಾಗೋದನ್ನೂ, ಸ್ಕ್ರೀನ್ ತಾನಾಗೇ ಆಫ್ ಆಗೋದನ್ನೂ ಸೆಟ್ಟಿಂಗ್‌ನಲ್ಲಿ ಬಂದ್ ಮಾಡಿ. ಆಟಕ್ಕೆ ಹೊರಡೋ ಮುಂಚೆ ಏರೋಪ್ಲೇನ್ ಮೋಡ್‌ಗೂ ಹಾಕಿ, ಪದ ಹೇಳ್ತಿರೋವಾಗ ಯಾರದೋ ಮೆಸೇಜ್ ಅಡ್ಡ ಬರೋದು ಬೇಡ.