ಕೇಳಿ ನೋಡಿ: ಟೀವಿ ಟೈಂಟೇಬಲ್ ಹಾಕೋ ಮನುಷ್ಯ

ಪ್ರಶ್ನೆ: ಮಗ ಮಾಸ್ ಕಮ್ಯುನಿಕೇಷನ್ ಓದ್ತಿದಾನೆ. ಕ್ಯಾಮೆರಾನೂ ಬೇಡ ಡೈರೆಕ್ಷನ್ನೂ ಬೇಡ, ಚಾನೆಲ್‌ನಲ್ಲಿ ಪ್ರೋಗ್ರಾಮಿಂಗ್ ಹೆಡ್ ಆಗ್ತೀನಿ ಅಂತಾನೆ. ಕೇಳಿದ್ರೆ ಅಮೆರಿಕದ ಫ್ರೆಡ್ ಸಿಲ್ವರ್‌ಮನ್ ಅಂತ ಯಾರ್ದೋ ಹೆಸರು ಹೇಳ್ತಾನೆ. ಯಾರಿವರು? ಇದೂ ಒಂದು ಕೆಲಸಾನಾ?
– ಓದುಗರು, ದಾವಣಗೆರೆ

ಉತ್ತರ: ಕೆಲಸಾನೇ ಸ್ವಾಮಿ, ಅದೂ ನಿದ್ದೆಗೆಡಿಸೋ ಕೆಲಸ. ಯಾವ ಸೀರಿಯಲ್ ತಗೋಬೇಕು, ತಗೊಂಡಿದ್ದನ್ನ ಎಂಟಕ್ಕೆ ಹಾಕ್ಬೇಕಾ ಒಂಬತ್ತೂವರೆಗಾ, ಆ ಹೊತ್ತಿಗೆ ಎದುರು ಚಾನೆಲ್‌ನಲ್ಲಿ ಏನು ಓಡ್ತಿದೆ, ಓಡದೇ ಇರೋದನ್ನ ಯಾವಾಗ ಎತ್ತಬೇಕು, ಇಷ್ಟೂ ಇವರ ತಲೆ ಮೇಲೇ. ನೋಡೋ ಜನಕ್ಕೆ ಇವರ ಹೆಸರೂ ಗೊತ್ತಿರಲ್ಲ.

ಸಿಲ್ವರ್‌ಮನ್ ಹುಟ್ಟಿದ್ದು ನ್ಯೂಯಾರ್ಕಲ್ಲಿ, 1937ರಲ್ಲಿ. ಒಹಾಯೋ ಸ್ಟೇಟ್ ಯೂನಿವರ್ಸಿಟೀಲಿ ಮಾಸ್ಟರ್ಸ್ ಮಾಡುವಾಗ ಎಬಿಸಿ ಚಾನೆಲ್ ಹತ್ತು ವರ್ಷ ಏನೇನು ಹಾಕಿತ್ತು, ಯಾವುದು ಓಡ್ತು ಯಾವುದು ಮಕಾಡೆ ಮಲಗ್ತು ಅಂತ ಕೂತು ಲೆಕ್ಕ ಹಾಕಿ 400 ಪುಟ ದಾಟೋ ಥೀಸಿಸ್ ಬರೆದ್ರು. ಆಮೇಲೆ ಪತ್ರಿಕೆಗಳು ಇವ್ರನ್ನ 'ಚಿನ್ನದ ಹೊಟ್ಟೆ'ಯವನು, ಅಂದ್ರೆ ಒಳಗಿಂದಾನೇ ಹಿಟ್ ಯಾವ್ದು ಅಂತ ಗೊತ್ತಾಗೋನು ಅಂತ ಹೊಗಳಿದ್ವು. ನನ್ನ ಕೇಳಿದ್ರೆ ಅದು ಒಳಮನಸ್ಸೂ ಅಲ್ಲ ಮಣ್ಣೂ ಅಲ್ಲ, ಹೋಂವರ್ಕು.

25ನೇ ವಯಸ್ಸಿಗೇ ಇನ್ನೊಂದು ದೊಡ್ಡ ಚಾನೆಲ್ ಸಿಬಿಎಸ್‌ನಲ್ಲಿ ಹಗಲಿನ ಪ್ರೋಗ್ರಾಂಗಳ ಉಸ್ತುವಾರಿ, 1970ರಲ್ಲಿ ಅಲ್ಲೇ ಪ್ರೋಗ್ರಾಮಿಂಗ್ ಹೆಡ್. ಆಗ ಸಿಬಿಎಸ್ ತುಂಬ ಹಳ್ಳಿ ಕಡೆ ಕಾಮಿಡಿ ಷೋಗಳು. ಜನ ನೋಡ್ತಾನೂ ಇದ್ರು, ಆದ್ರೆ ನೋಡೋರು ವಯಸ್ಸಾದೋರು, ಜಾಹೀರಾತು ಕೊಡೋರಿಗೆ ಬೇಕಾಗಿದ್ದು ಪೇಟೆಯ ಹುಡುಗ ಹುಡುಗೀರು. ಹಾಗಾಗಿ ನೆಟ್‌ವರ್ಕ್ ಪ್ರೆಸಿಡೆಂಟ್ ರಾಬರ್ಟ್ ವುಡ್ ಜೊತೆ ಸೇರಿ 1971ರಲ್ಲಿ ಅವನ್ನೆಲ್ಲ ಗುಡಿಸಿ ಹಾಕಿದ್ರು, ಒಂದು ಷೋನಲ್ಲಿ ಮರ ಕಂಡ್ರೂ ಸಾಕು ಸಿಬಿಎಸ್ ಎತ್ತಿಬಿಡುತ್ತೆ ಅಂತ ಕೆಲಸ ಕಳ್ಕೊಂಡ ನಟ ಪ್ಯಾಟ್ ಬಟ್ರಮ್ ರೇಗಿಸ್ತಿದ್ರಂತೆ. ಅದೇ ವರ್ಷ ಜನವರೀಲಿ ಶುರುವಾಗಿದ್ದ ಕಾಮಿಡಿ ಸೀರಿಯಲ್ 'ಆಲ್ ಇನ್ ದ ಫ್ಯಾಮಿಲಿ' ಮೊದ್ಲು ಕುಂಟ್ತಾ ಇತ್ತು, ಮಂಗಳವಾರದಿಂದ ತೆಗೆದು ಶನಿವಾರ ರಾತ್ರಿಗೆ ಹಾಕಿದ್ದೇ ತಡ ನಂಬರ್ ಒನ್ ಆಗಿ ಐದು ಸೀಸನ್ ಅಲ್ಲೇ ಕೂತ್ಕೊಂಡ್ತು. ಅದರ ಪಾತ್ರಗಳನ್ನೇ ಕಿತ್ತು ಬೇರೆ ಬೇರೆ ಷೋನೂ ಮಾಡಿಸಿದ್ರು.

1975ರಲ್ಲಿ ಎಬಿಸಿಗೆ ಹೋದ್ರು, ಹೌದು, ಥೀಸಿಸ್ ಬರೆದಿದ್ರಲ್ಲ ಅದೇ ಚಾನೆಲ್. ಅಮೆರಿಕದ ಮೂರು ದೊಡ್ಡ ನೆಟ್‌ವರ್ಕಲ್ಲಿ ಕೊನೇಲಿದ್ದ ಅದು 1976-77ರ ಸೀಸನ್ನಲ್ಲಿ ಮೊದಲನೇದಾಯ್ತು. ಕರಿಯರ ಗುಲಾಮಗಿರಿ ಕಥೆಯ 'ರೂಟ್ಸ್' ಸೀರಿಯಲ್‌ನ ವಾರಕ್ಕೊಂದು ಕಂತು ಅಂತ ಎಳೀದೆ 1977ರ ಜನವರೀಲಿ ಸತತ 8 ರಾತ್ರಿ ಹಾಕಿಬಿಟ್ರು, ಅಮೆರಿಕಾಗೆ ಅಮೆರಿಕಾನೇ ಟೀವಿ ಮುಂದೆ ಕೂತಿತ್ತು.

ಎಡವಿದ್ದು 1978ರಲ್ಲಿ ಮೂರನೇ ನೆಟ್‌ವರ್ಕ್ ಎನ್‌ಬಿಸಿಗೆ ಪ್ರೆಸಿಡೆಂಟ್ ಆಗಿ ಹೋದ್ಮೇಲೆ. ಈಗ ಷೋ ಆರಿಸೋದಷ್ಟೇ ಅಲ್ಲ, ಇಡೀ ಕಂಪನಿ ನಡೆಸ್ಬೇಕು. ಭಾರೀ ರೈಲಿನ ಸೆಟ್ ಹಾಕಿ ದುಡ್ಡು ಸುರಿದ 'ಸೂಪರ್‌ಟ್ರೇನ್' 1979ರಲ್ಲಿ ಕೆಲವೇ ತಿಂಗಳಲ್ಲಿ ಹಳಿ ತಪ್ತು. 1980ರ ಮಾಸ್ಕೋ ಒಲಿಂಪಿಕ್ಸ್ ಹಕ್ಕು ಇವ್ರ ಕೈಲಿತ್ತು, ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿದ್ದಕ್ಕೆ ಅಮೆರಿಕ ಬಹಿಷ್ಕಾರ ಹಾಕಿ ಅದಕ್ಕೂ ಕಲ್ಲು ಬಿತ್ತು. 1981ರಲ್ಲಿ ಕುರ್ಚಿ ಹೋಯ್ತು. ಆದ್ರೂ ರೇಟಿಂಗ್ ಇಲ್ಲದ ಪೊಲೀಸ್ ಸೀರಿಯಲ್ 'ಹಿಲ್ ಸ್ಟ್ರೀಟ್ ಬ್ಲೂಸ್' ಅನ್ನ ಕೈಬಿಡದೆ ಉಳಿಸಿದ್ರು, ಅದು ಮೊದಲನೇ ಸೀಸನ್‌ಗೇ ಟೀವಿಯವರ ದೊಡ್ಡ ಪ್ರಶಸ್ತಿ ಎಮ್ಮಿ 8 ತಗೊಂಡ್ತು.

ಮಗನಿಗೆ ಒಂದು ಮಾತು ಹೇಳಿ: ಕನ್ನಡ ಚಾನೆಲ್‌ಗಳ ಸಂಜೆ ಆರರಿಂದ ಹತ್ತೂವರೆವರೆಗಿನ ಟೈಂಟೇಬಲ್ ಒಂದೇ ಹಾಳೇಲಿ ಬರ್ಕೊಂಡು, ಗುರುವಾರ ಟಿಆರ್‌ಪಿ ಬಂದಾಗೆಲ್ಲ ಪಕ್ಕದಲ್ಲಿ ಗುರುತು ಹಾಕ್ತಾ ಹೋಗ್ಲಿ. ಆರು ತಿಂಗಳಾದ್ಮೇಲೂ ಬೇಜಾರಾಗದೆ ಇದ್ರೆ ಈ ಲೈನಿಗೆ ಕಳ್ಸಿ.

ಪ್ರಶ್ನೆ: ಕಾರ್ಟೂನಿನ ಸ್ಕೂಬಿ ಡೂ ನಾಯಿಗೆ ಆ ಹೆಸರಿಟ್ಟಿದ್ದು ಒಬ್ಬ ಟೀವಿ ಆಫೀಸರ್ ಅಂತಾರಲ್ಲ, ನಿಜವಾ?
– ಓದುಗರು, ಕುಮಟಾ

ಉತ್ತರ: ನಿಜ, ಇವ್ರೇ ಆ ಸಿಲ್ವರ್‌ಮನ್! ಆಗ ಸಿಬಿಎಸ್‌ನಲ್ಲಿ ಮಕ್ಕಳ ಶನಿವಾರದ ಕಾರ್ಟೂನ್ ಇವ್ರ ಜವಾಬ್ದಾರಿ. ದೆವ್ವದ ಕಾರ್ಟೂನ್ ಒಂದನ್ನ ತಗೊಂಡು ಹೋದ್ರೆ ಮೇಲಿನವರು ಮಕ್ಕಳು ಹೆದರ್ಕೋತಾರೆ ಬೇಡ ಅಂದ್ರು. ವಿಮಾನದಲ್ಲಿ ಕೂತಾಗ ಫ್ರಾಂಕ್ ಸಿನಾತ್ರಾ ಹಾಡಿನ ಕೊನೇಲಿ ಬರೋ 'ಡೂಬಿ ಡೂಬಿ ಡೂ' ಕಿವಿಗೆ ಬಿತ್ತಂತೆ, ಅದರಿಂದ್ಲೇ ನಾಯಿಗೆ ಸ್ಕೂಬಿ ಡೂ ಅಂತ ಹೆಸರು, ಮೂಲೇಲಿದ್ದ ನಾಯೀನೇ ಹೀರೋ, ಹೆದರಿಕೆ ಹೋಗಿ ನಗು ಬಂತು. 1969ರಲ್ಲಿ ಶುರುವಾಗಿದ್ದು ಇನ್ನೂ ನಿಂತಿಲ್ಲ.

ಪ್ರಶ್ನೆ: ಇಂಥಾ ದೊಡ್ಡ ಕುರ್ಚಿ ಹೋದ್ಮೇಲೆ ಈ ಥರದವ್ರು ಏನ್ಮಾಡ್ತಾರೆ?
– ಓದುಗರು, ಮಂಡ್ಯ

ಉತ್ತರ: ಸಿಲ್ವರ್‌ಮನ್ ಸ್ವಂತ ಕಂಪನಿ ಇಟ್ರು. ತಮಾಷೆ ಏನಂದ್ರೆ ಸಿಬಿಎಸ್‌ನಲ್ಲಿ ಹಳ್ಳಿ ಷೋ ಎಲ್ಲ ಎತ್ತಿಸಿದ ಈ ಮನುಷ್ಯನೇ 1986ರಲ್ಲಿ ಆ ಕಾಲದ ಹಳ್ಳಿ ಷೋಗಳ ದೊಡ್ಡ ಹೀರೋ ಆ್ಯಂಡಿ ಗ್ರಿಫಿತ್‌ಗೆ ವಕೀಲನ ಕೋಟು ಹಾಕ್ಸಿ 'ಮ್ಯಾಟ್‌ಲಾಕ್' ಮಾಡಿದ್ರು, ವಯಸ್ಸಾದ ಜನ ಮುಗಿಬಿದ್ದು ನೋಡಿದ್ರು. ಅದು ಮೊದ್ಲು ಬಂದಿದ್ದು ಇವ್ರು ಕೆಲಸ ಕಳ್ಕೊಂಡ ಎನ್‌ಬಿಸಿಲೇ, ಆಮೇಲೆ ಎಬಿಸಿಗೆ ಹೋಯ್ತು. 1993ರಲ್ಲಿ ನಟ ಡಿಕ್ ವ್ಯಾನ್ ಡೈಕ್‌ರನ್ನ ಡಾಕ್ಟರ್ ಮಾಡಿ 'ಡಯಾಗ್ನೋಸಿಸ್ ಮರ್ಡರ್' ಮಾಡ್ಸಿ ಸಿಬಿಎಸ್‌ಗೆ ಕೊಟ್ರು. ಹಿಂದೆ ಸಂಬಳ ಕೊಟ್ಟಿದ್ದ ಮೂರೂ ನೆಟ್‌ವರ್ಕು ಹೀಗೆ ಇವ್ರ ಗಿರಾಕಿ ಆದ್ವು.